ನೀಲಿ ದಾರದ ಹುಳುಗಳು

ಕಪ್ಪೆಯ ಕರುಳಿನೊಳಗೆ ಹುಳು ಇರುತ್ತದೆ ಎಂದು ನಾನು ಹೇಳಿದ ದಿನ ನಮ್ಮಮ್ಮ ಕಲಸುತ್ತಿದ್ದ ಅನ್ನ ಬಿಟ್ಟು ಎದ್ದುಬಿಟ್ಟರು. ಆ ಹುಳುವಿಗೂ ಜಾತಿ ಇದೆ, ಕುಲ ಇದೆ, ಯಾವುದು ಯಾವುದೆಂದು ಗೊತ್ತುಮಾಡುವುದೇ ಈಗ ನನ್ನ ಕೆಲಸ ಎಂದು ಮುಂದುವರಿಸಿದರೆ ಅಡುಗೆಮನೆಯಿಂದಲೇ ಉತ್ತರ ಬಂತು. "ಜಾತಿ ಕೇಳಬಾರದು ಅಂತ ಸ್ಟೇಜ್ ಮೇಲೆ ಗಂಟಲು ಹರ್ಕೊಂಡು ಕಪ್ ತಂದೋಳು ನೀನೇ ತಾನೆ? ಈಗ ಹುಳದ ಜಾತಿ ಕೇಳ್ಕೊಂಡು ಕೂತಿದೀಯಾ." ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ನಾನು ಸೋತವಳಲ್ಲ. ಮನೆಯಲ್ಲಿ ಗೆದ್ದವಳೂ ಅಲ್ಲ.

ಮೈಸೂರು ರಾಜ್ಯ ಕರ್ನಾಟಕವಾದ ವರ್ಷ ಅದು. ಬಹಳ ಹಿಂದಿನ ಮಾತೇನಲ್ಲ, ಐದು ವರ್ಷ. ನಾವು ಜೋಗುಪಾಳ್ಯದಲ್ಲಿ ಬಾಡಿಗೆಗೆ ಇದ್ದೆವು. ಅಪ್ಪ ಫ್ಯಾಕ್ಟರಿ ಬಸ್ಸು ಹತ್ತಿದ ಮೇಲೆ ನಾನು ಸೈಕಲ್ ತೆಗೆದು, ಹಲಸೂರು ಕೆರೆ ಬಳಸಿಕೊಂಡು, ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಒಂದು ಹೆಣ್ಣುಮಕ್ಕಳ ಕಾಲೇಜಿಗೆ ಹೋಗುತ್ತಿದ್ದೆ. ಅಲ್ಲೇ ಓದಿ, ಅಲ್ಲೇ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಅಂದರೆ ಹುಡುಗಿಯರಿಗೆ ಕಪ್ಪೆ ಕುಯ್ಯುವುದನ್ನು ತೋರಿಸುವುದು, ಅವರು ಕುಯ್ದು ಕೆಡಿಸಿದ ಮೇಲೆ ಉಳಿದದ್ದನ್ನು ನಮ್ಮ ಮೇಡಂಗೆ ತಲುಪಿಸುವುದು.

ಮೇಡಂ ವಿಭಾಗದ ಹಿರಿಯ ಲೆಕ್ಚರರ್. ಕುಕ್ ಟೌನಿನ ಹಳೆಯ ಬಂಗಲೆಯೊಂದರ ಅರ್ಧ ಭಾಗದಲ್ಲಿ ಅಕ್ಕನ ಜೊತೆ ಇದ್ದರು. ಮನೆಮಾತು ತಮಿಳು, ಪಾಠ ಇಂಗ್ಲಿಷು, ನಮ್ಮ ಜೊತೆ ಕನ್ನಡ; ಸಿಟ್ಟು ಬಂದರೆ ಮೂರೂ ಬಿಟ್ಟು ಮೌನ. ಹನ್ನೊಂದು ವರ್ಷದಿಂದ ಪಾಠ ಮುಗಿದ ಮೇಲೆ ಒಂದೇ ಕೆಲಸ ಮಾಡುತ್ತಿದ್ದರು. ಊರಿನ ಪೂರ್ವಕ್ಕಿರುವ ಕೆರೆಗಳ ಕಪ್ಪೆಗಳೊಳಗೆ ವಾಸಿಸುವ ಚಪ್ಪಟೆ ಹುಳುಗಳನ್ನು ತೆಗೆದು, ಅಳೆದು, ಬಿಡಿಸಿ, ಯಾವುದು ಯಾವ ಜಾತಿ ಎಂದು ವಿಂಗಡಿಸುವುದು. ಅದು ಅವರ ಡಾಕ್ಟರೇಟಿನ ಪ್ರಬಂಧ.

ಸೇರಿದ ಮೊದಲ ವಾರವೇ ನಾನು ಕೇಳಿದ್ದೆ. "ಮೇಡಂ, ಇದರಿಂದ ಯಾರಿಗೆ ಏನು ಉಪಯೋಗ? ಕಪ್ಪೆಗೂ ಇಲ್ಲ, ನಮಗೂ ಇಲ್ಲ."

ಅವರು ಮೈಕ್ರೋಸ್ಕೋಪಿನಿಂದ ತಲೆ ಎತ್ತಲಿಲ್ಲ. "ಹುಳುವಿಗೆ ಉಪಯೋಗ, ವಕೀಲರೇ. ಅದು ಯಾರು ಅಂತ ಇಷ್ಟು ದಿನ ಯಾರೂ ಕೇಳಿರ್ಲಿಲ್ಲ."

ಅಂದಿನಿಂದ ನಾನು ಆ ಲ್ಯಾಬಿನಲ್ಲಿ ವಕೀಲರೇ.

ಕೆಲಸದ ರೀತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಪ್ಪೆಯ ಕರುಳನ್ನು ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಸೀಳಿದರೆ ಹುಳುಗಳು ತಾವಾಗಿಯೇ ಹೊರಬರುತ್ತವೆ. ಎಳ್ಳಿಗಿಂತ ಸ್ವಲ್ಪ ಉದ್ದ, ಬೆಳ್ಳಗೆ, ಸುಮ್ಮನಿರದ ಜೀವ. ಒಂದು ಕ್ಷಣ ದಾರದಷ್ಟು ಉದ್ದವಾಗುತ್ತದೆ, ಮರುಕ್ಷಣ ಗುಂಡಗಾಗುತ್ತದೆ. ಹಾಗೇ ಸಾಯಲು ಬಿಟ್ಟರೆ ಮುದುಡಿಕೊಂಡು ಒಳಗಿನದೇನೂ ಕಾಣುವುದಿಲ್ಲ. ಅದಕ್ಕೇ ಜೀವಂತ ಹುಳುವನ್ನು ಒಂದು ಗಾಜಿನ ಸ್ಲೈಡಿನ ಮೇಲೆ ಹರವಿ, ಮೇಲೊಂದು ಸ್ಲೈಡಿಟ್ಟು, ಎರಡನ್ನೂ ದಾರದಿಂದ ಸುತ್ತಿ ಕಟ್ಟಿ, ಹಾಗೇ ಫಾರ್ಮಲಿನ್ನಿನಲ್ಲಿ ಮುಳುಗಿಸುವುದು. ಮಾರನೆಯ ದಿನ ದಾರ ಬಿಚ್ಚಿದರೆ ಹುಳು ಒತ್ತಿದ ಎಲೆಯ ಹಾಗೆ ಚಪ್ಪಟೆಯಾಗಿ, ಒಳಗಿನ ಅಂಗವೆಲ್ಲ ತೋರಿಸಿಕೊಂಡು ಬಿದ್ದಿರುತ್ತದೆ. ಬಾಯಿಯ ಬಳಿ ಒಂದು ಹೀರುಬಟ್ಟಲು, ಹೊಟ್ಟೆಯ ಮೇಲೆ ಇನ್ನೊಂದು, ಅದರ ಹಿಂದೆ ಎರಡು ವೃಷಣ. ಇವುಗಳ ಅಳತೆ, ಜಾಗ, ದೇಹದ ಅಗಲ, ಇಷ್ಟರ ಮೇಲೆ ಜಾತಿ ತೀರ್ಮಾನ.

ಕಟ್ಟುವ ಕೆಲಸ ಅಟೆಂಡರದು. ಇಪ್ಪತ್ತು ವರ್ಷದಿಂದ ಆ ಲ್ಯಾಬಿನಲ್ಲಿದ್ದವರು, ಮನೆ ಹಲಸೂರಿನಲ್ಲಿ, ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಅವರು ಯಾವ ವಯಸ್ಸಿನ ಹುಡುಗಿಯನ್ನಾದರೂ ಪಾಪಾ ಎನ್ನುತ್ತಿದ್ದರು. ಅವರ ಹೆಂಡತಿ ಗುಡಿಯ ಹತ್ತಿರ ಹೂ ಕಟ್ಟಿ ಮಾರುತ್ತಿದ್ದರು. ಆ ಕೈ ಇವರಿಗೂ ಬಂದಿತ್ತು. ಮೊದಲ ದಿನ ನನಗೆ ತೋರಿಸಿಕೊಡುವಾಗ ಹೇಳಿದ್ದು ಒಂದೇ ಮಾತು. "ಕಟ್ಟೋದು ಅನ್ಕೋಬೇಡಿ ಪಾಪಾ. ಹಿಡ್ಕೊಳೋದು ಅಷ್ಟೇ."

ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಬಾಟಲಿಗಳ ಮೇಲಿನ ಲೇಬಲ್ಲೆಲ್ಲ ಇಂಗ್ಲಿಷಿನಲ್ಲಿ. ಹಾಗಾಗಿ ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಸ್ಲೈಡಿನಿಂದ ಬಿಚ್ಚಿದ ದಾರವನ್ನು ಎಸೆಯದೆ, ಆ ಹುಳು ಇಟ್ಟ ಬಾಟಲಿಯ ಕತ್ತಿಗೇ ಸುತ್ತುವುದು. ಸೋಮವಾರದ ಕಪ್ಪೆಯದಾದರೆ ಒಂದು ಗಂಟು, ಗುರುವಾರದ್ದಾದರೆ ಎರಡು. ಮೇಡಂ ಲೇಬಲ್ ನೋಡಿ ಬಾಟಲಿ ಕೇಳಿದರೆ ಇವರು ಗಂಟು ಸವರಿ ತಂದುಕೊಡುತ್ತಿದ್ದರು. ಒಮ್ಮೆಯೂ ತಪ್ಪಿದ್ದು ನಾನು ನೋಡಿಲ್ಲ. ನಾನೂ ಹಾಗೇ ಗಂಟು ಹಾಕಬೇಕೆಂದು ಅವರ ಕಟ್ಟಪ್ಪಣೆ.

ಕಪ್ಪೆ ತರುತ್ತಿದ್ದವರು ಶಿವಾಜಿನಗರದ ಒಬ್ಬ ಸಾಹೇಬರು. ಒದ್ದೆ ಗೋಣಿಚೀಲದಲ್ಲಿ ದೊಡ್ಡ ದೊಡ್ಡ ಗೋಂಕರು ಕಪ್ಪೆ. ಸೋಮವಾರ ಕೆ.ಆರ್. ಪುರದ ಕೆರೆಯವು, ಗುರುವಾರ ಹಲಸೂರು ಕೆರೆಯವು. ಇನ್ನೊಂದು ವಿಷಯ. ಆ ವರ್ಷ ಅಟೆಂಡರ ಹೆಂಡತಿಯ ಕಾಲಿನಲ್ಲಿ ಗಾಯ ಮಾಗದೆ, ಪ್ರತಿ ಗುರುವಾರ ಮಧ್ಯಾಹ್ನ ಅವರನ್ನು ಆಸ್ಪತ್ರೆಗೆ ಕರೆದೊಯ್ದು ಪಟ್ಟಿ ಕಟ್ಟಿಸಬೇಕಿತ್ತು. ಸಾಹೇಬರು ಬರುವುದೇ ಹನ್ನೊಂದಕ್ಕೆ. ಅಟೆಂಡರು ಒಂದೆರಡು ಕಪ್ಪೆಯ ಹುಳು ಕಟ್ಟಿ, ತಮ್ಮ ಬೀರುವಿಗೆ ಬೀಗ ಹಾಕಿ ಹೊರಡುತ್ತಿದ್ದರು. ಉಳಿದದ್ದು ನನ್ನದು. ಬಿಳಿ ದಾರದ ಉಂಡೆ ಬೀರುವಿನೊಳಗೆ ಉಳಿದುಬಿಡುತ್ತಿದ್ದರಿಂದ ನಾನು ಅಮ್ಮನ ಹೊಲಿಗೆ ಪೆಟ್ಟಿಗೆಯಿಂದ ಒಂದು ರೀಲು ನೀಲಿ ದಾರ ತಂದಿಟ್ಟುಕೊಂಡಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಮೇಡಂ ನನ್ನನ್ನು ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಎರಡು ಸ್ಲೈಡು. "ನೋಡು. ಏನು ವ್ಯತ್ಯಾಸ ಹೇಳು."

ಮೊದಲನೆಯದು ನಮಗೆ ಗೊತ್ತಿದ್ದ ಹಳೆಯ ಹುಳು. ಸಪೂರ ಮೈ, ವೃಷಣಗಳು ಒಂದರ ಹಿಂದೆ ಒಂದು. ಎರಡನೆಯದು ವೀಳ್ಯದೆಲೆಯ ಹಾಗೆ ಅಗಲ, ವೃಷಣಗಳು ಪಕ್ಕಪಕ್ಕಕ್ಕೆ ಸರಿದು ಓರೆಯಾಗಿ ಕೂತಿದ್ದವು.

"ಇದು ಬೇರೆ," ಎಂದೆ.

"ಬೇರೆ ಅಂದ್ರೆ ಎಷ್ಟು ಬೇರೆ? ನಾನು ಎರಡು ತಿಂಗಳಿಂದ ಪುಸ್ತಕ ಹುಡುಕ್ತಾ ಇದೀನಿ. ಇದನ್ನ ಯಾರೂ ಬರೆದಿಲ್ಲ. ಕೆ.ಆರ್. ಪುರದ ಕಪ್ಪೇಲಿ ಒಂದೂ ಇಲ್ಲ. ಹಲಸೂರಿನ ಕಪ್ಪೇಲಿ ಹಳೇದೂ ಇದೆ, ಇದೂ ಇದೆ." ಅವರ ದನಿ ಸಣ್ಣಗಾಗಿತ್ತು. "ಹೆಸರು ಯೋಚನೆ ಮಾಡಿಟ್ಟಿದೀನಿ. ಹಲಸೂರಿನ ಹೆಸರೇ ಇಡೋದು."

ನಾನು ಅವರನ್ನು ಅಷ್ಟು ಸಂತೋಷದಲ್ಲಿ ನೋಡಿರಲಿಲ್ಲ. ಕಾರಣವೂ ಗೊತ್ತಿತ್ತು. ಅವರ ಗೈಡು ಇದ್ದದ್ದು ಬೇರೆ ಊರಿನಲ್ಲಿ, ಮಾತುಕತೆಯೆಲ್ಲ ಕಾಗದದಲ್ಲಿ. ಹಿಂದಿನ ವರ್ಷ ಆತ ಬರೆದಿದ್ದರಂತೆ, ನಿಮ್ಮ ಕೆಲಸದಲ್ಲಿ ಹೊಸದೇನೂ ಇಲ್ಲ, ಇದು ಬರೀ ಪಟ್ಟಿ, ಒಂದಾದರೂ ಹೊಸ ಜಾತಿ ಸಿಕ್ಕಿದರೆ ಪ್ರಬಂಧ ನಿಲ್ಲುತ್ತದೆ ಎಂದು. ಅವಧಿಯನ್ನು ಎರಡು ಬಾರಿ ವಿಸ್ತರಿಸಿದ್ದಾಗಿತ್ತು. ಡಿಸೆಂಬರ್ ಕೊನೆಯೊಳಗೆ ಒಪ್ಪಿಸದಿದ್ದರೆ ಹನ್ನೊಂದು ವರ್ಷವೂ ಹೋಯಿತು.

ಯಾರಾದರೂ ಸಹಜವಾಗಿದ್ದವರು ಅಲ್ಲಿಗೆ ಸಂತೋಷಪಟ್ಟು ಸುಮ್ಮನಾಗುತ್ತಿದ್ದರು. ನನಗೆ ಆಗಲಿಲ್ಲ. ಒಂದೇ ಕೆರೆ, ಒಂದೇ ಜಾತಿಯ ಕಪ್ಪೆ, ಹನ್ನೊಂದು ವರ್ಷ ಕಾಣದ ಹುಳು, ಬೇಕಾದ ವರ್ಷವೇ ಕಂಡಿತೆ? ನನಗೆ ಚರ್ಚೆ ಕಲಿಸಿದ ಮೇಷ್ಟ್ರು ಹೇಳಿಕೊಟ್ಟಿದ್ದ ಮೊದಲ ಉಪಾಯ, ಎದುರು ಪಕ್ಷದ ಪುರಾವೆ ಗಟ್ಟಿಯಾಗಿ ಕಂಡರೆ ಅದನ್ನು ಮುಟ್ಟಬೇಡ, ಅದನ್ನು ಹೊತ್ತು ತಂದವನನ್ನು ಹಿಡಿ. ಹೊತ್ತು ತಂದವರು ಯಾರು? ಕಪ್ಪೆ ಸಾಹೇಬರು.

ಶನಿವಾರ ಮಧ್ಯಾಹ್ನ ಶಿವಾಜಿನಗರಕ್ಕೆ ಹೋದೆ. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದು ಚಹಾದಂಗಡಿ, ಅದರ ಮುಂದಿನ ಬೆಂಚಿನಲ್ಲಿ ಅವರು, ಕಾಲ ಬಳಿ ಖಾಲಿ ಗೋಣಿಚೀಲ.

"ಕ್ಯಾ ಅಮ್ಮಾ, ಇಷ್ಟು ದೂರ? ಕಪ್ಪೆ ಓಡೋಯ್ತಾ?"

"ಗುರುವಾರದ ಕಪ್ಪೆ ಎಲ್ಲಿಂದ ತರ್ತೀರಿ, ನಿಜ ಹೇಳಿ."

"ಹಲಸೂರು."

"ಎಲ್ಲಾನೂ?"

"ಎಲ್ಲಾನೂ."

"ಹಲಸೂರಲ್ಲಿ ಸಿಗದೇ ಇದ್ದ ದಿನ ಬೇರೆ ಕೆರೇದು ತಂದು ಹಲಸೂರಿಂದು ಅಂತ ಕೊಟ್ಟಿಲ್ಲ ಅಂತ ಹೇಗೆ ನಂಬೋದು?"

ಅವರು ಚಹಾ ಕೆಳಗಿಟ್ಟರು. ಸಿಟ್ಟು ಬಂದಿರಲಿಲ್ಲ, ನನ್ನ ಮೇಲೆ ಸ್ವಲ್ಪ ಮರುಕ ಬಂದ ಹಾಗಿತ್ತು. "ನಂಬ್ಬೇಡಿ. ನಾನು ಕಪ್ಪೇನ ರೇಷನ್ ಕಾರ್ಡ್ ಕೇಳಿ ಹಿಡಿಯಲ್ಲ. ಆದ್ರೆ ಅಮ್ಮಾ, ನೀವು ಹೊಟ್ಟೆ ಕುಯ್ತೀರಲ್ಲ, ಕಾಲು ನೋಡಿದೀರಾ?"

"ಕಾಲಲ್ಲೇನಿದೆ?"

"ಹಲಸೂರು ಕಪ್ಪೆ ಬೆರಳ ಸಂದೀಲಿ ಕರೀ ಕೆಸರು. ಕೆ.ಆರ್. ಪುರಂದು ಕೆಂಪು ಮಣ್ಣು. ಚೀಲದಲ್ಲಿ ಎಷ್ಟು ನೀರು ಹೊಯ್ದ್ರೂ ಹೋಗಲ್ಲ. ಮೊದ್ಲು ಕಾಲು ನೋಡಿ, ಆಮೇಲೆ ಬಂದು ನನ್ನ ಕಾಲು ಎಳೀರಿ." ಚಹಾದಂಗಡಿಯವನಿಗೆ ಕೈ ತೋರಿಸಿ, "ಬೇಟಿಗೆ ಒಂದು ಚಾಯ್" ಎಂದರು.

ಚಹಾ ಕುಡಿದು ಬಂದೆ. ಸೋಮವಾರ ಕಾಲು ನೋಡಿದೆ, ಕೆಂಪು. ಗುರುವಾರ ನೋಡಿದೆ, ಕಪ್ಪು. ಒಂದೂ ತಪ್ಪಿಲ್ಲ. ನಾಲ್ಕು ವರ್ಷದಿಂದ ಕಪ್ಪೆ ಕುಯ್ದವಳು ಕಾಲು ನೋಡಿರಲಿಲ್ಲ.

ಸಾಹೇಬರ ಮುಂದೆ ನಾನು ಸೋತರೂ ಅನುಮಾನ ಸೋಲಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ಬೇರೆಯವರನ್ನು ನೋಡಿತು. ಕಪ್ಪೆ ಸರಿ. ಹಾಗಾದರೆ ಕಪ್ಪೆಯಿಂದ ಸ್ಲೈಡಿನವರೆಗೆ ಏನಾಗುತ್ತದೆ? ಅಗಲವಾದ ಮೈ, ಪಕ್ಕಕ್ಕೆ ಸರಿದ ವೃಷಣ. ಮೆತ್ತಗಿನ ಜೀವವನ್ನು ಎರಡು ಗಾಜಿನ ಮಧ್ಯೆ ಜೋರಾಗಿ ಒತ್ತಿದರೆ ಆಗುವುದೂ ಅದೇ ಅಲ್ಲವೆ? ಚಪಾತಿ ಉಂಡೆಯನ್ನು ಒತ್ತಿದರೆ ಅದಕ್ಕೂ ಬೇರೆ ಜಾತಿ ಬರುತ್ತದೆ. ಈ ಯೋಚನೆ ಹೊಳೆದ ದಿನ ನಾನು ಹಲಸೂರು ಕೆರೆಯ ಪಕ್ಕ ಸೈಕಲ್ ನಿಲ್ಲಿಸಿ ಎರಡು ನಿಮಿಷ ನಿಂತಿದ್ದೆ. ಅಷ್ಟು ಸರಿಯಾದ ತರ್ಕ ನನ್ನ ತಲೆಗೆ ಅದಕ್ಕಿಂತ ಮುಂಚೆ ಬಂದಿರಲಿಲ್ಲ.

ಗುರುವಾರದ ಹುಳುಗಳಲ್ಲಿ ಮಾತ್ರ ಯಾಕೆ? ಗುರುವಾರ ಅಟೆಂಡರಿಗೆ ಆಸ್ಪತ್ರೆಯ ಅವಸರ. ಬಿಗಿದು ಕಟ್ಟಿ ಹೊರಟುಬಿಡುತ್ತಾರೆ. ಗುರುವಾರ ನಾನೂ ಕಟ್ಟುತ್ತೇನೆ ಎಂಬುದು ನೆನಪಿಗೆ ಬರಲಿಲ್ಲವೆ ಎಂದು ನೀವು ಕೇಳಬಹುದು. ಬಂತು. ಆದರೆ ನಾನು ಓದಿದವಳು, ಜಾಗರೂಕಳು, ಕಾರಣ ತಿಳಿದು ಕಟ್ಟುವವಳು. ಪುರಾವೆಯನ್ನು ಪರೀಕ್ಷಿಸುವವರನ್ನು ಯಾರೂ ಪುರಾವೆಯ ಜೊತೆ ಸೇರಿಸುವುದಿಲ್ಲ.

ಅಕ್ಟೋಬರಿನ ಒಂದು ಶುಕ್ರವಾರ, ಮೇಡಂ ಹೊಸ ಹುಳುವಿನ ಅಧ್ಯಾಯದ ಮೊದಲ ಪುಟವನ್ನು ನನಗೆ ಓದಿ ಹೇಳುತ್ತಿದ್ದಾಗ, ನಾನು ತಡೆದೆ. ಅಟೆಂಡರು ಅಲ್ಲೇ ಸಿಂಕಿನ ಹತ್ತಿರ ಟ್ರೇ ತೊಳೆಯುತ್ತಿದ್ದರು. ಸ್ವಲ್ಪ ಕಾಯಬಹುದಿತ್ತು. ಕಾಯಲಿಲ್ಲ.

"ಮೇಡಂ, ಇದು ಹೊಸ ಜಾತಿ ಅಲ್ಲ. ಹಳೇ ಹುಳಾನೇ. ಜಾಸ್ತಿ ಒತ್ತಿದ್ರಿಂದ ಅಗಲ ಆಗಿದೆ." ವಾದವನ್ನು ಪೂರ್ತಿ ಬಿಡಿಸಿಟ್ಟೆ. ಒತ್ತಡ, ಅಗಲ, ವೃಷಣ. ಮೇಡಂ ಮುಖದಲ್ಲಿ ಬಣ್ಣ ಹೋಗುತ್ತಿದ್ದುದು ಕಂಡರೂ ನಿಲ್ಲಿಸಲಿಲ್ಲ. ಕೊನೆಗೆ, "ಗುರುವಾರ ಅಣ್ಣನಿಗೆ ಅವಸರ ಇರತ್ತೆ. ಮನೆಯ ಚಿಂತೆ ಬೇರೆ. ಕೈ ಮೊದಲಿನ ಹಾಗಿಲ್ಲ, ಟೀ ಲೋಟ ಹಿಡಿಯೋವಾಗ ನಡುಗತ್ತೆ, ನಾನೇ ನೋಡಿದೀನಿ. ಅವರು ಬಿಗಿದು ಕಟ್ಟಿದ ಹುಳುಗಳೇ ಇವು."

ಸಿಂಕಿನ ನಲ್ಲಿ ನಿಂತಿತು.

ಅಟೆಂಡರು ಕೈ ಒರೆಸಿಕೊಂಡು ಬಂದರು. ನನ್ನ ಕಡೆ ನೋಡಲಿಲ್ಲ. ಗೋಡೆಯ ಶೆಲ್ಫಿನಿಂದ ಆ ವರ್ಷದ ಬಾಟಲಿಗಳನ್ನು ಒಂದೊಂದಾಗಿ ತಂದು ಮೇಜಿನ ಮೇಲೆ ಇಟ್ಟರು. ಕೈ ನಡುಗುತ್ತಿರಲಿಲ್ಲ. "ಮೇಡಂ, ನನಗೆ ಓದಕ್ಕೆ ಬರಲ್ಲ. ಹೊಸದು ಯಾವ್ದು ಅಂತ ನೀವೇ ಲೇಬಲ್ ನೋಡಿ ಈ ಕಡೆ ಇಡಿ. ಹಳೇದು ಆ ಕಡೆ."

ಮೇಡಂ ಕನ್ನಡಕ ಹಾಕಿಕೊಂಡು ಓದಿ ಓದಿ ಇಟ್ಟರು. ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ಅರ್ಧ ಇಡುವಷ್ಟರಲ್ಲೇ ಗೊತ್ತಾಯಿತು. ಅವರು ಪೂರ್ತಿ ಇಟ್ಟರು.

ಎಡಗಡೆಯ ಬಾಟಲಿಗಳ ಕತ್ತಿಗೆಲ್ಲ ಬಿಳಿ ದಾರ. ಒಂದು ಗಂಟಿನವೂ ಇದ್ದವು, ಎರಡು ಗಂಟಿನವೂ ಇದ್ದವು. ಬಲಗಡೆ ಎಲ್ಲಕ್ಕೂ ಎರಡು ಗಂಟು, ಎಲ್ಲಕ್ಕೂ ನೀಲಿ.

"ಬಿಳಿ ನಂದು ಮೇಡಂ," ಎಂದರು ಅಟೆಂಡರು. "ನೀಲಿ ಯಾರ್ದು ಅಂತ ನಾನು ಹೇಳಲ್ಲ." ಟ್ರೇ ತೊಳೆಯಲು ವಾಪಸು ಹೋದರು.

ವೇದಿಕೆಯ ಮೇಲೆ ಮಾತು ಮರೆತವರನ್ನು ಕಂಡು ನಾನು ಎಷ್ಟೋ ಸಲ ನಕ್ಕಿದ್ದೆ. ಆ ಮಧ್ಯಾಹ್ನ ನನಗೆ "ಅದು ನಂದು" ಎನ್ನುವ ಎರಡು ಪದ ಹೊರಡಲು ಬಹಳ ಹೊತ್ತು ಹಿಡಿಯಿತು.

ಮೇಡಂ ಒಂದು ಮಾತೂ ಬೈಯಲಿಲ್ಲ. "ಪರೀಕ್ಷೆ ಮಾಡೋಣ" ಎಂದರು ಅಷ್ಟೆ. ಸೋಮವಾರ ಕೆ.ಆರ್. ಪುರದ ಕೆಂಪು ಕಾಲಿನ ಕಪ್ಪೆಗಳ ಹುಳುವನ್ನು ನಾನು ನನ್ನ ದಾರದಲ್ಲಿ, ನನ್ನ ಕೈಯ ಹಾಗೇ ಕಟ್ಟಬೇಕು. ಗುರುವಾರ ಅಟೆಂಡರು ಪೂರ್ತಿ ದಿನ ಇದ್ದು ಹಲಸೂರಿನದನ್ನೆಲ್ಲ ಕಟ್ಟಬೇಕು. ಆ ಒಂದು ದಿನ ಅವರ ಹೆಂಡತಿಯನ್ನು ಪಕ್ಕದ ಮನೆಯವರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಣ್ಣ ಹಾಕಿ, ಒಣಗಿಸಿ, ನೋಡುವ ಹೊತ್ತಿಗೆ ಇನ್ನೊಂದು ವಾರ.

ಕೆ.ಆರ್. ಪುರದ ಕಪ್ಪೆಗಳಲ್ಲಿ ಹನ್ನೊಂದು ವರ್ಷ ಕಾಣದ ಹೊಸ ಜಾತಿ ಒಂದೇ ಸೋಮವಾರದಲ್ಲಿ ಹುಟ್ಟಿತ್ತು. ಹಲಸೂರಿನಲ್ಲಿ ಅದು ನಿರ್ನಾಮವಾಗಿತ್ತು.

ಮೇಡಂ ಕೊನೆಯ ಸ್ಲೈಡನ್ನು ಬಹಳ ಹೊತ್ತು ನೋಡಿದರು. ಅದು ಅಷ್ಟು ಹೊತ್ತು ನೋಡುವಂಥದ್ದೇನೂ ಆಗಿರಲಿಲ್ಲ. ನಾನು ತಡೆಯಲಾರದೆ ಶುರುಮಾಡಿದೆ. ಎರಡೂ ಪಕ್ಷ ವಾದಿಸುವ ಅಭ್ಯಾಸ ನನಗಿತ್ತಲ್ಲ. ಈಗ ಹುಳುವಿನ ಪರ. ಮೇಡಂ, ಎಲ್ಲಾ ಪುಸ್ತಕದ ಹುಳುಗಳನ್ನೂ ಯಾರೋ ಒಬ್ಬರು ಒತ್ತಿಯೇ ಬಿಡಿಸಿದ್ದಾರೆ, ಅವರ ಗಂಟು ಎಷ್ಟು ಬಿಗಿ ಅಂತ ಯಾರಿಗೆ ಗೊತ್ತು. ಪರೀಕ್ಷಕರು ನೋಡೋದು ಸ್ಲೈಡು, ಸ್ಲೈಡು ಬೇರೆಯಾಗೇ ಇದೆ. ಇನ್ನೂ ಮಾದರಿ ನೋಡಬೇಕು, ಇದು ಹೊಸ ಜಾತಿ ಅಲ್ಲ ಅಂತ ಈಗಲೇ ಅನ್ನೋದೂ ಅವಸರವೇ. ಮೊದಲು ಪ್ರಬಂಧ ಒಪ್ಪಿಸಿ, ಅನುಮಾನ ಆಮೇಲೆ ಬರೆದರಾಯಿತು. ನನಗೆ ಆ ಮಾತುಗಳಲ್ಲಿ ನಂಬಿಕೆ ಇರಲಿಲ್ಲ. ಅವರು ನಂಬಿದರೆ ಸಾಕಾಗಿತ್ತು.

ಅವರು ಪೂರ್ತಿ ಕೇಳಿದರು. "ಮುಗೀತಾ? ಚರ್ಚಾಸ್ಪರ್ಧೆಯ ನಾಲ್ಕು ನಿಮಿಷದ ಗಂಟೆ ಹೊಡೆದು ಆಗ್ಲೇ ಆಯ್ತು, ವಕೀಲರೇ."

"ಹನ್ನೊಂದು ವರ್ಷ ಮೇಡಂ."

"ಗೊತ್ತು. ನಂದೇ ವರ್ಷ ಅಲ್ವಾ." ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಒರೆಸಿದರು. "ಮೂರು ನಾಲ್ಕು ತಿಂಗಳು ಹೊಸ ಹುಳು ನೋಡ್ತಾ ಇದೀನಿ ಅಂತ ಕೂತಿದ್ದೆ. ನೋಡ್ತಾ ಇದ್ದದ್ದು ನಿನ್ನ ಗಂಟನ್ನ. ಇದನ್ನ ನೋಡಿದ ಮೇಲೂ ಹೆಸರಿಟ್ಟು ಕಳಿಸಿದ್ರೆ, ಆ ಹೆಸರು ಹಲಸೂರಿಂದಲ್ಲ, ನಂದಾಗತ್ತೆ."

ಅಧ್ಯಾಯದ ಹಾಳೆಗಳನ್ನು ಮಡಿಸಿ ಡ್ರಾಯರಿನಲ್ಲಿಟ್ಟರು. ಹರಿಯಲಿಲ್ಲ.

ಉಳಿದದ್ದು ಪಟ್ಟಿ. ಆದರೆ ಪಟ್ಟಿಯೂ ಈಗ ಪೂರ್ತಿ ಇರಲಿಲ್ಲ, ಯಾಕೆಂದರೆ ಆ ವರ್ಷ ಹಲಸೂರಿನಿಂದ ತೆಗೆದ ಹುಳುಗಳಲ್ಲಿ ಹೆಚ್ಚಿನವು ನನ್ನ ಕೈಯಲ್ಲಿ ಕೆಟ್ಟಿದ್ದವು. ಅಳತೆಗೆ ಹೊಸದಾಗಿ ಹುಳು ಬೇಕು, ಹೊಸದಾಗಿ ಕಟ್ಟಬೇಕು, ಡಿಸೆಂಬರಿಗೆ ಎರಡು ತಿಂಗಳೂ ಇಲ್ಲ. ಅಟೆಂಡರಿಗೆ ಗುರುವಾರದ ಆಸ್ಪತ್ರೆ ತಪ್ಪುವಂತಿಲ್ಲ. ಸಾಹೇಬರಿಗೆ ಉಳಿದ ದಿನ ಬೇರೆ ಕಾಲೇಜುಗಳು. ಅಂದರೆ ಗುರುವಾರ ಮಧ್ಯಾಹ್ನ ಕಟ್ಟಲು ಉಳಿದವಳು ನಾನೇ.

ಭಾನುವಾರ ಹಲಸೂರಿನಲ್ಲಿ ಅಟೆಂಡರ ಮನೆ ಹುಡುಕಿಕೊಂಡು ಹೋದೆ. ಗುಡಿಯ ಹಿಂದಿನ ಓಣಿ. ಅವರು ಬಾಗಿಲಲ್ಲೇ ಕೂತು ಪೇಪರಿನ ಚಿತ್ರ ನೋಡುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಕ್ಷಮಾಪಣೆ, ಪೀಠಿಕೆ ಸಮೇತ, ಎದುರು ನಿಂತಾಗ ಉಪಯೋಗಕ್ಕೆ ಬರಲಿಲ್ಲ.

"ತಪ್ಪಾಯ್ತು ಅಣ್ಣ."

"ಕೈ ನಡುಗತ್ತೆ ಅಂದ್ರಲ್ಲ ಪಾಪಾ." ಪೇಪರ್ ಮಡಿಸಿದರು. "ಆ ಲೋಟ ಬಿಸಿ ಇತ್ತು." ಎದ್ದು ಬಾಗಿಲಿನಿಂದ ಸರಿದು, "ಒಳಗೆ ಬನ್ನಿ, ಕಾಫಿ ಆಗಿದೆ."

ಒಳಗೆ ಅವರ ಹೆಂಡತಿ, ಪಟ್ಟಿ ಕಟ್ಟಿದ ಕಾಲನ್ನು ಮಣೆಯ ಮೇಲೆ ಚಾಚಿಕೊಂಡು, ಬಾಳೆಎಲೆಯ ಮೇಲೆ ಕನಕಾಂಬರ ಹರಡಿಕೊಂಡು ಕಟ್ಟುತ್ತಿದ್ದರು. ಅಟೆಂಡರು ಹೇಳಿದರು, "ಇವರೇ. ನೀಲಿ ದಾರ."

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ದಾರದ ತುದಿಯನ್ನು ನನ್ನ ಕೈಗೆ ಕೊಟ್ಟರು. "ಎಲ್ಲಿ, ನಾಲ್ಕು ಹೂ ಕಟ್ಟು ನೋಡೋಣ."

ಕಟ್ಟಿದೆ. ನಾಲ್ಕನೆಯದು ಮುಗಿಯುವಷ್ಟರಲ್ಲಿ ಮೊದಲನೆಯ ಹೂವಿನ ತೊಟ್ಟು ಕತ್ತರಿಸಿ ಬಿತ್ತು.

"ಅಯ್ಯೋ, ಕತ್ತು ಹಿಸುಕ್ತೀಯಲ್ಲ ಪಾಪಾ. ಹೂವೇನು ಓಡೋಗತ್ತಾ?"

"ಬಿಚ್ಕೊಂಡ್ರೆ?"

"ಬಿಚ್ಕೊಳಲ್ಲ. ಇಲ್ಲಿ ದಾರ ಇದೆ ಅಂತ ಹೂವಿಗೆ ಗೊತ್ತಾದ್ರೆ ಸಾಕು." ನನ್ನ ಹೆಬ್ಬೆರಳನ್ನು ಹಿಡಿದು ಸಡಿಲಿಸಿದರು. "ಇವಳ ಕೈ ನೋಡ್ರೀ, ಯಾರ ಜೊತೆ ಜಗಳ ಆಡ್ಕೊಂಡು ಬಂದಿದಾಳೆ?"

"ಎಲ್ಲರ ಜೊತೆ," ಎಂದರು ಅಟೆಂಡರು, ಕಾಫಿ ಲೋಟ ನನ್ನ ಮುಂದಿಡುತ್ತ. ಲೋಟ ನಿಜವಾಗಿಯೂ ಬಿಸಿ ಇತ್ತು.

ಮೂರು ಭಾನುವಾರ ಹೋದೆ. ಎರಡನೆಯ ಭಾನುವಾರ ಕಟ್ಟಿದ ಮಾಲೆಯನ್ನು ಆಕೆ ಮಾರಲು ಒಪ್ಪಲಿಲ್ಲ, ನಮ್ಮಮ್ಮನಿಗೆ ಕೊಟ್ಟು ಕಳಿಸಿದರು. ಅಮ್ಮ ಮುಡಿದುಕೊಂಡು, "ಕಪ್ಪೆ ಮುಟ್ಟಿದ ಕೈಯಲ್ಲಿ ಕಟ್ಟಿದ್ದಲ್ಲ ತಾನೆ?" ಎಂದು ಮುಡಿದ ಮೇಲೆ ಕೇಳಿದರು. ಮೂರನೆಯದು ಗುಡಿಯ ಮುಂದೆ ಬೇರೆ ಮಾಲೆಗಳ ಜೊತೆ ಹೋಯಿತು.

ಗುರುವಾರಗಳಲ್ಲಿ ನಾನು ಸಾಹೇಬರ ಕಪ್ಪೆಗಳ ಕಾಲು ನೋಡಿ, ಹೊಟ್ಟೆ ಸೀಳಿ, ಹುಳುಗಳನ್ನು ಕಟ್ಟಿದೆ. ಅಟೆಂಡರು ತಮ್ಮ ಬಿಳಿ ದಾರದ ಉಂಡೆಯನ್ನು ನನಗೆ ಬಿಟ್ಟುಹೋಗಬಹುದಿತ್ತು. ಬಿಡಲಿಲ್ಲ. "ನಿಮ್ಮದು ನೀಲೀನೇ ಇರ್ಲಿ. ಯಾರದು ಅಂತ ಗೊತ್ತಿರ್ಬೇಕು." ಮೇಡಂ ಅದನ್ನು ಕೇಳಿಸಿಕೊಂಡು, ರೆಜಿಸ್ಟರಿನಲ್ಲಿ ಕಪ್ಪೆ, ಕೆರೆ, ತಾರೀಖಿನ ಪಕ್ಕ ಸ್ಕೇಲಿನಿಂದ ಇನ್ನೊಂದು ಗೆರೆ ಎಳೆದು, ಹೊಸ ಅಂಕಣ ಮಾಡಿದರು. ಅದರ ತಲೆಬರಹ, ಕಟ್ಟಿದವರು. ಇಪ್ಪತ್ತು ವರ್ಷದ ಮೇಲೆ ಅಟೆಂಡರ ಹೆಸರು ಆ ಪುಸ್ತಕದೊಳಗೆ ಬಂದದ್ದು ಹಾಗೆ.

ನೀಲಿ ದಾರದ ಹೊಸ ಹುಳುಗಳು ಸಪೂರವಾಗಿಯೇ ಇದ್ದವು. ಒಂದೆರಡು ಬಿಟ್ಟು. ಆ ಒಂದೆರಡು ಕಟ್ಟಿದ ದಿನ ಸೈಕಲ್ ಪಂಕ್ಚರಾಗಿ ನಾನು ಬಸ್ ಹತ್ತಿ, ಕಂಡಕ್ಟರ್ ಜೊತೆ ವಾದ ಮಾಡಿಕೊಂಡು ಬಂದಿದ್ದೆ.

ನವೆಂಬರಿನಲ್ಲಿ ರಾಜ್ಯದ ಹೆಸರು ಬದಲಾಯಿತು. ಪ್ರಬಂಧದ ಮುಖಪುಟದಲ್ಲಿ ಮೈಸೂರು ರಾಜ್ಯ ಎಂದು ಟೈಪಾಗಿದ್ದ ಹಾಳೆ ತೆಗೆದು ಕರ್ನಾಟಕ ಎಂದು ಹೊಸದಾಗಿ ಟೈಪು ಮಾಡಿಸಿದೆವು. "ನೋಡು, ರಾಜ್ಯಕ್ಕೆ ಹೊಸ ಹೆಸರು ಸಿಕ್ತು. ನಮ್ಮ ಹುಳುಗೆ ತಪ್ಪೋಯ್ತು," ಎಂದರು ಮೇಡಂ. ಹೊಸ ಜಾತಿಯ ಅಧ್ಯಾಯ ಇದ್ದ ಜಾಗದಲ್ಲಿ ಆರು ಪುಟ ಸೇರಿಸಿದ್ದರು, ಒಂದೇ ಹುಳು ಬೇರೆ ಬೇರೆ ಕೈಯಲ್ಲಿ ಹೇಗೆ ಬೇರೆಯಾಗಿ ಕಾಣುತ್ತದೆ ಎಂದು. ಎರಡು ಚಿತ್ರ, ಪಕ್ಕಪಕ್ಕ. ಇದನ್ನು ಗೈಡು ಒಪ್ಪುತ್ತಾರೋ ಇಲ್ಲವೋ ಎಂದು ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಮತ್ತು ಆ ಬಗ್ಗೆ ನಾನು ಏನೂ ವಾದಿಸಲಿಲ್ಲ.

ಮೊದಲ ಸಲ ವಾಪಸು ಬಂತು, ತಿದ್ದುಪಡಿ ಕೇಳಿ. ಎರಡನೆಯ ಸಲ ಪಾಸಾಯಿತು, ಪದವಿ ಬಂತು; ಬರೀ ಪಟ್ಟಿಗೇ ಬಂತು. ಅದೆಲ್ಲ ಮುಂದಿನ ವರ್ಷದ ಮಾತು. ಆ ಡಿಸೆಂಬರಿನಲ್ಲಿ ನಮಗಿದ್ದದ್ದು ಅದನ್ನು ಅಂಚೆಗೆ ಹಾಕುವ ಕೆಲಸ ಮಾತ್ರ.

ಮೂರು ಪ್ರತಿ, ದಪ್ಪ ಬೈಂಡು. ಅಟೆಂಡರು ಬಿಳಿ ಬಟ್ಟೆಯಲ್ಲಿ ಸುತ್ತಿ ಸಣಬಿನ ದಾರ ಕಟ್ಟಿದರು. ಮೂವರೂ ದಂಡಿನ ಅಂಚೆ ಕಚೇರಿಗೆ ನಡೆದುಕೊಂಡೇ ಹೋದೆವು. ಪಾರ್ಸೆಲ್ ಕೌಂಟರಿನವರು ಅದನ್ನು ದಾರ ಹಿಡಿದು ಮೇಲೆತ್ತಿದರು. ದಾರ ಕೈಗೆ ಬಂತು, ಪ್ರಬಂಧ ಮೇಜಿನ ಮೇಲೇ ಉಳಿಯಿತು.

"ಏನ್ರೀ ಇದು, ದೇವರಿಗೆ ಹಾರ ಹಾಕ್ದಂಗೆ ಹಾಕಿದೀರಾ? ಊರು ಸೇರೋ ಹೊತ್ತಿಗೆ ಹಾಳೆ ಹಾಳೆ ಆಗಿರತ್ತೆ. ಸರಿಯಾಗಿ ಕಟ್ಕೊಂಡು ಬನ್ನಿ."

ಅಟೆಂಡರು ಬೇಜಾರು ಮಾಡಿಕೊಳ್ಳಲಿಲ್ಲ. ದಾರವನ್ನು ಸುತ್ತಿ ನನ್ನ ಮುಂದೆ ಹಿಡಿದರು.

"ತಗೊಳಿ ಪಾಪಾ. ಇದಕ್ಕೆ ನಿಮ್ಮ ಕೈನೇ ಸರಿ."

ನಾನು ಮೇಡಂ ಮುಖ ನೋಡಿದೆ. ಅವರು ಪಾರ್ಸೆಲ್ಲಿನ ಮೇಲೆ, ಗಂಟು ಬರಬೇಕಾದ ಜಾಗದಲ್ಲಿ, ತೋರುಬೆರಳಿಟ್ಟು ಕಾಯುತ್ತಿದ್ದರು. ನಾನು ಅಂಚೆ ಕಚೇರಿಯ ಬೆಂಚಿಗೆ ಮೊಣಕಾಲು ಊರಿ, ಎರಡೂ ತುದಿ ಹಿಡಿದು ಎಳೆದೆ.